ಬಾಗಿಲು ತಡೆದ ಪದ

ಭಾಗ್ಯಳಿಗೆ ಹೊಟ್ಟೆಕಿಚ್ಚು ಎಂದು ಯಾರಾದರೂ ಮುಖಕ್ಕೆ ಹೇಳಿದ್ದರೆ ಅವಳು ಅವರ ಜನ್ಮ ಜಾಲಾಡಿಬಿಡುತ್ತಿದ್ದಳು. ಹೇಳುವ ಧೈರ್ಯ ಯಾರಿಗೂ ಇರಲಿಲ್ಲ, ಅಷ್ಟೆ. ಹುಣಸೂರಿನಿಂದ ವೀರನಹೊಸಹಳ್ಳಿಗೆ ಹೋಗುವ ದಾರಿಯಲ್ಲಿರುವ ಆ ಕೊಪ್ಪಲಿನಲ್ಲಿ ಮಾತ್ರ ಎಲ್ಲರಿಗೂ ಗೊತ್ತಿತ್ತು, ನಾದಿನಿ ಪದ್ಮಶ್ರೀಯ ಹೆಸರು ಬಂದರೆ ಭಾಗ್ಯಳ ಕೈಯಲ್ಲಿರುವ ಪಾತ್ರೆ ಸ್ವಲ್ಪ ಜೋರಾಗಿ ಸದ್ದು ಮಾಡುತ್ತದೆ ಎಂದು.

ಹಾಗೆಂದು ಭಾಗ್ಯ ಏನೂ ಬಾರದ ಹೆಂಗಸಲ್ಲ. ಸೋಬಾನೆ ಪದಗಳಲ್ಲಿ ಅವಳನ್ನು ಮೀರಿಸುವವರು ಆ ಸುತ್ತಿನಲ್ಲಿ ಇರಲಿಲ್ಲ. ಎಣ್ಣೆ ಹಚ್ಚುವ ಪದದಿಂದ ಹೆಣ್ಣೊಪ್ಪಿಸುವ ಪದದವರೆಗೆ ಎಲ್ಲವೂ ಬಾಯಲ್ಲೇ. ಅವಳು ಒಂದು ಸಾಲು ಎತ್ತಿಕೊಟ್ಟರೆ ಜೊತೆಗಾತಿ ಮರಮ್ಮ ಆ ಸೊಲ್ಲು ಹಿಡಿದು ಮತ್ತೆ ಹೇಳುತ್ತಿದ್ದಳು. ಮದುವೆ ಕಾಲ ಬಂತೆಂದರೆ ಪಿರಿಯಾಪಟ್ಟಣದಿಂದಲೂ ಎಚ್.ಡಿ. ಕೋಟೆಯಿಂದಲೂ ಇಬ್ಬರಿಗೂ ಕರೆ ಬರುತ್ತಿತ್ತು. ಆದರೆ ಈಚೆಗೆ ಮದುವೆ ಮನೆಗಳಲ್ಲಿ ಡಿಜೆಯವರದೇ ದರ್ಬಾರು. ಫೋಟೋದವನು ಹೆಣ್ಣುಗಂಡಿನ ಹಿಂದೆ ಹೋದಮೇಲೆ ಒಂದು ಹತ್ತು ನಿಮಿಷ ಪದ ಹೇಳಲು ಬಿಡುತ್ತಿದ್ದರು. ಎಲೆ ಅಡಿಕೆಯ ಜೊತೆ ಒಂದು ರವಿಕೆ ಕಣ ಕೊಟ್ಟು ಕಳಿಸುತ್ತಿದ್ದರು. ಪದ್ಮಶ್ರೀಗಾದರೆ ವೇದಿಕೆ, ಶಾಲು, ಪೇಪರಿನಲ್ಲಿ ಫೋಟೋ. ಇಬ್ಬರೂ ಹಾಡುವವರೇ, ಒಂದೇ ಮನೆಯವರೇ. ಇದು ಯಾವ ನ್ಯಾಯ ಎಂದು ಭಾಗ್ಯ ಹಿತ್ತಲಲ್ಲಿ ಕೋಳಿಗಳನ್ನು ಕೇಳಿದ್ದುಂಟು.

ಸುದ್ದಿ ಬಂದದ್ದು ಮೇ ತಿಂಗಳ ಮೊದಲ ವಾರ. ಭಾಗ್ಯಳ ಗಂಡ ಶಿವಶಂಕರ್ ಹೊಗೆಸೊಪ್ಪಿನ ಸಸಿಗೆ ನೀರು ಬಿಟ್ಟು ಬಂದವನು ಮೊಬೈಲನ್ನು ತಾಯಿಯ ಮುಖದ ಹತ್ತಿರ ಹಿಡಿದ.

“ನೋಡವ್ವ, ನಿನ್ ಮಗಳು ಪದ್ಮನ್ ಕಚೇರಿ. ಹುಣಸೂರಲ್ಲೇ. ಇಪ್ಪತ್ತೈದ್ನೇ ತಾರೀಕು, ಭಾನ್ವಾರ.”

ಸುನಂದಮ್ಮ ಮೊಬೈಲಿನಲ್ಲಿದ್ದ ಮಗಳ ಕೆನ್ನೆಯನ್ನು ಬೆರಳಿನಿಂದ ಮುಟ್ಟಿದರು. ಮುಟ್ಟಿದ್ದಕ್ಕೆ ಫೋಟೋ ಸರಿದು ಬೇರೇನೋ ಬಂತು. “ಮನೇಗ್ ಬತ್ತದ?” ಎಂದರು. ಎರಡು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆದಮೇಲೆ ಅವರ ದನಿ ಪಿಸುಮಾತಿಗಿಂತ ಒಂದು ಮೆಟ್ಟಿಲು ಮೇಲೆ, ಅಷ್ಟೇ. ಅದಕ್ಕೂ ಮೊದಲು ಆ ಮನೆಯಲ್ಲಿ ಅವರ ಪದಕ್ಕೆ ಎದುರು ಪದ ಇರಲಿಲ್ಲ.

“ನಾಳಿದ್ದೇ ಬತ್ತಾಳಂತೆ. ಕಚೇರಿ ಮುಗ್ಯೋಗಂಟ ಇಲ್ಲೇ ಇರ್ತಾಳಂತೆ.”

“ಭಾಗ್ಯ, ಆ ಕ್ವಾಣೆ ಖಾಲಿ ಮಾಡ್ಸು.”

“ಬ್ಯಾರನ್ ಕಡ್ಡಿ ಎಲ್ಲಿಗಾಕನ ಅತ್ತೆ? ನನ್ ತಲೆ ಮ್ಯಾಲಾ?”

ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಗೂಡಿನಲ್ಲಿ ಸೊಪ್ಪು ಕಟ್ಟಿ ಒಣಗಿಸುವ ಸಾವಿರ ಕಡ್ಡಿ, ಗೊಬ್ಬರದ ಚೀಲ, ಔಷಧಿ ಹೊಡೆಯುವ ಯಂತ್ರ ಎಲ್ಲವೂ ಆ ಕೋಣೆಯಲ್ಲಿದ್ದವು. ಭಾಗ್ಯ ಮಧ್ಯಾಹ್ನದವರೆಗೆ ಒಬ್ಬಳೇ ಹೊತ್ತು ಹೊರಗೆ ಹಾಕಿದಳು. ಮರಮ್ಮ ಸಹಾಯಕ್ಕೆ ಬಂದರೂ ಬೇಡವೆಂದಳು. ಒಬ್ಬಳೇ ಹೊತ್ತರೆ ಆಮೇಲೆ ಹೇಳಿಕೊಳ್ಳಲು ಬರುತ್ತದೆ ಎಂಬ ಲೆಕ್ಕಾಚಾರ ಅವಳದು.

ಪದ್ಮಶ್ರೀ ಬಂದಳು. ಮೂವತ್ತೊಂದು ವರ್ಷ, ಮದುವೆಯ ಮಾತು ಎತ್ತಿದವರ ಬಾಯಿ ಮುಚ್ಚಿಸಿದ್ದಳು. ಮೈಸೂರಿನಲ್ಲಿ ಬಾಡಿಗೆ ಮನೆ ಮಾಡಿಕೊಂಡು ಹತ್ತಾರು ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದಳು. ಭಾಗ್ಯಳಿಗೆ ಹಂಗಿಸಲು ಅನುಕೂಲವಾಗುವಂತೆ ಜಂಬದಿಂದಾದರೂ ಇದ್ದಿದ್ದರೆ ಒಳ್ಳೆಯದಿತ್ತು, ಅದೂ ಇರಲಿಲ್ಲ. ಬಂದವಳೇ “ಅತ್ತಿಗೆ, ಸಣ್ಣ ಆಗ್ಬಿಟ್ಟಿದ್ದೀರಲ್ಲ” ಎಂದು ಕೈ ಹಿಡಿದುಕೊಂಡಳು. ಆ ಕೈ ಮೆತ್ತಗಿತ್ತು. ಭಾಗ್ಯ ತನ್ನ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಊಟದ್ದೇ ಒಂದು ದೊಡ್ಡ ಪಾಡಾಯಿತು. ಕಚೇರಿ ಮುಗಿಯುವವರೆಗೆ ಪದ್ಮಶ್ರೀಗೆ ಮಜ್ಜಿಗೆ ಆಗದು, ಹುಳಿ ಆಗದು, ಫ್ರಿಜ್ಜಿನ ನೀರಂತೂ ನೋಡಲೂ ಬಾರದು. ಎರಡು ಗಂಟೆಗೊಮ್ಮೆ ಬಿಸಿನೀರು ಬೇಕು. ಅವಳು ತಾನೇ ಕಾಯಿಸಿಕೊಳ್ಳುತ್ತೇನೆಂದು ಅಡುಗೆಮನೆಗೆ ಬಂದರೆ ಸುನಂದಮ್ಮ ಒಳಗಿನಿಂದಲೇ ಕೆಮ್ಮಿ ಭಾಗ್ಯಳನ್ನು ಕರೆಯುತ್ತಿದ್ದರು. ಒಂದು ದಿನ ಪದ್ಮಶ್ರೀ ಉಂಡ ತಟ್ಟೆಯನ್ನು ತಾನೇ ತೊಳೆದಿಟ್ಟಳು.

“ಬಂದೋರ್ ಕೈಲಿ ತಟ್ಟೆ ತೊಳ್ಸೋ ಗತಿ ಬಂತೇನೆ ಈ ಮನೇಗೆ?” ಎಂದರು ಸುನಂದಮ್ಮ.

“ನಾನೇನ್ ತೊಳ್ಸುದ್ನಾ ಅತ್ತೆ? ಅವಳೇ ತೊಳುದ್ಲು.”

“ಬುಡವ್ವ, ಒಂದು ತಟ್ಟೆ,” ಎಂದಳು ಪದ್ಮಶ್ರೀ.

“ನಾನು ಹದಿನೇಳು ವರ್ಸ್ದಿಂದ ತೊಳಿತಾವ್ನಿ. ಅದ್ನ ಒಬ್ರೂ ಕಂಡಿಲ್ಲ. ಇವತ್ತು ಒಂದ್ ತಟ್ಟೆ ತೊಳುದ್ರೆ ಊರ್ಗೆಲ್ಲ ಕಾಣ್ತದೆ,” ಎಂದು ಭಾಗ್ಯ ನೀರೊಲೆಗೆ ಸೌದೆ ತುರುಕಿದಳು.

ಇಷ್ಟನ್ನು ಅವಳು ಹೇಗೋ ನುಂಗಿಕೊಳ್ಳುತ್ತಿದ್ದಳು. ನುಂಗಲು ಆಗದೆ ಗಂಟಲಲ್ಲಿ ನಿಂತದ್ದು ಮಗಳು ಸ್ಪಂದನಾಳ ವಿಷಯ.

ಸ್ಪಂದನಾ ಆ ಸಲ ಎಸ್ಸೆಸ್ಸೆಲ್ಸಿ ಮುಗಿಸಿದ್ದಳು. ಬೆಳಿಗ್ಗೆ ಎಂಟರವರೆಗೆ ಮಲಗುವ ಹುಡುಗಿ, ಪದ್ಮತ್ತೆ ಬಂದ ಮೂರನೇ ದಿನದಿಂದ ಐದೂವರೆಗೆ ಎದ್ದು, ಮುಖ ತೊಳೆದು, ಆ ಕೋಣೆಗೆ ಸೇರಿಕೊಳ್ಳುತ್ತಿದ್ದಳು. ಮೊಬೈಲಿನಲ್ಲಿ ತಂಬೂರಿ ಗುಂಯ್ ಎನ್ನುತ್ತಿತ್ತು. ಪದ್ಮಶ್ರೀ, ಸ್ಪಂದನಾ ಇಬ್ಬರೂ ‘ಸಾ’ ಹಿಡಿದು ಕೂತರೆ ಭಾಗ್ಯ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಾ ಅದನ್ನು ಕೇಳಬೇಕಾಗಿತ್ತು. ಹೊತ್ತು ಹೆತ್ತು ಹದಿನಾರು ವರ್ಷ ಸಾಕಿದವಳು ತಾನು. ಒಮ್ಮೆಯೂ ತನ್ನ ಪಕ್ಕ ಕೂತು, ಅವ್ವ ನನಗೊಂದು ಪದ ಹೇಳಿಕೊಡು ಎಂದು ಅವಳು ಕೇಳಿದ್ದಿಲ್ಲ. ಚಿಕ್ಕವಳಿದ್ದಾಗ ಮದುವೆ ಮನೆಗಳಿಗೆ ಕರೆದುಕೊಂಡು ಹೋದರೆ ಎರಡನೇ ಪದಕ್ಕೇ ತೊಡೆಯ ಮೇಲೆ ನಿದ್ದೆ ಹೋಗುತ್ತಿದ್ದಳು.

“ನಿಮ್ಮತ್ತೆ ಹೇಳ್ಕೊಟ್ಟುದ್ದು ಸಂಗೀತ. ನಾನು ಹೇಳೋದು ದನ ಅಟ್ಟೋ ಸದ್ದು,” ಎಂದು ಒಂದು ದಿನ ರೊಟ್ಟಿ ತಟ್ಟುತ್ತಾ ಅಂದಳು.

“ನಾನ್ ಹಂಗೆ ಯಾವತ್ ಹೇಳ್ದೆ ಅವ್ವ?”

“ಹೇಳ್ಬೇಕಾ? ಕಾಣಲ್ವ ನಂಗೆ?”

ಸ್ಪಂದನಾ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದಳು. ಅದನ್ನು ಕೋಳಿಗೆ ಹಾಕುವಾಗ ಭಾಗ್ಯಳಿಗೆ ಅಳು ಬಂತು. ಅಳು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಎರಡನೇ ವಾರದ ಕೊನೆಗೆ ವಿಷಯ ಬಯಲಿಗೆ ಬಂತು. ಭಾನುವಾರ ನಾಟಿ ಕೋಳಿ ಸಾರು ಮಾಡಿದ್ದರು, ಎಲ್ಲರೂ ಒಟ್ಟಿಗೆ ಉಣ್ಣಲು ಕೂತಿದ್ದರು. ಪದ್ಮಶ್ರೀ ಮುದ್ದೆ ಮುರಿಯುತ್ತಾ ಅಣ್ಣನ ಕಡೆ ನೋಡಿದಳು.

“ಅಣ್ಣ, ಸ್ಪಂದನಾನ ಪಿಯುಸಿಗೆ ಮೈಸೂರಿಗೆ ಕಳ್ಸು. ನನ್ ಜೊತೇಲೇ ಇರ್ತಾಳೆ. ಓದೋದೂ ಆಗುತ್ತೆ, ಸಂಗೀತಾನೂ ಆಗುತ್ತೆ. ಇವಳ ದನಿ ಸುಮ್ನೆ ಬಿಡೋ ದನಿ ಅಲ್ಲ. ಅರ್ಜಿ ತಂದಿದ್ದೀನಿ. ಇಪ್ಪತ್ತಾರು ಸೋಮವಾರ ಕಡೇ ದಿನ.”

ಶಿವಶಂಕರ್ ಒಂದು ಮೂಳೆ ಬಾಯಿಗಿಟ್ಟುಕೊಂಡ. ಅವನಿಗೆ ಉತ್ತರ ಹೇಳಲು ಇಷ್ಟವಿಲ್ಲದಾಗ ಮೂಳೆ ಇದ್ದರೆ ಬಹಳ ಅನುಕೂಲ.

“ಹುಣಸೂರಲ್ಲಿ ಕಾಲೇಜ್ ಮುಚ್ಚೋಗವಾ?” ಎಂದಳು ಭಾಗ್ಯ.

“ಇಲ್ಲ ಅತ್ತಿಗೆ, ಆದ್ರೆ...”

“ಒತ್ತಾರೆ ಬಸ್ಸಿಗ್ ಓಗಿ ಸಂಜೆ ಬಸ್ಸಿಗ್ ಬತ್ತಾಳೆ. ನನ್ ಮಗಳು ನನ್ ಕಣ್ಮುಂದೆ ಇರ್ತಾಳೆ.”

“ನಾನೇನ್ ಯಾರೋ ಆಚೆಯೋಳಾ ಅತ್ತಿಗೆ?”

“ನೀನ್ ಒಳಗೋಳೇ ಕಣವ್ವ. ಕ್ವಾಣೆ ಖಾಲಿ ಮಾಡ್ಕೊಟ್ಟೆ. ಬಿಸ್ನೀರ್ ಕಾಯಿಸ್ಕೊಟ್ಟೆ. ಇನ್ನು ಮಗಳ್ನೂ ಕೇಳ್ತೀಯಲ್ಲ, ಎಷ್ಟಂತ ಕೊಡ್ಲಿ?”

ಸ್ಪಂದನಾ ತಟ್ಟೆಯಿಂದ ತಲೆ ಎತ್ತಲಿಲ್ಲ. “ನಂಗೆ ಹೋಗ್ಬೇಕು ಅವ್ವ,” ಎಂದಳು, ಬಹಳ ಮೆತ್ತಗೆ.

ಆಗ ಸುನಂದಮ್ಮ ಬಾಯಿ ಬಿಟ್ಟರು. ಅವರ ಪಿಸುದನಿ ಕೇಳಬೇಕಾದರೆ ಎಲ್ಲರೂ ಅಗಿಯುವುದನ್ನು ನಿಲ್ಲಿಸಬೇಕಾಗಿತ್ತು. “ಭಾಗ್ಯ, ನೀನು ಹೊಸ್ತಿಲಲ್ಲಿ ನಿಂತು ಮಾತ್ ಕೊಟ್ಟಿದ್ದೀಯ. ಹೆಣ್ಣುಟ್ಟಿದ್ರೆ ನಾದ್ನಿ ಕೈಗೆ ಕೊಡ್ತೀನಿ ಅಂತ. ಊರೇ ಕೇಳದೆ.”

ಅದು ನಿಜ. ಆ ಸೀಮೆಯ ಮದುವೆಗಳಲ್ಲಿ ಹೊಸ ಹೆಣ್ಣು ಮನೆ ತುಂಬುವಾಗ ಗಂಡಿನ ತಂಗಿ ಬಾಗಿಲು ತಡೆಯುತ್ತಾಳೆ. ಏನು ಕೊಡುತ್ತೀಯ ಎಂದು ಪದದಲ್ಲಿ ಕೇಳುತ್ತಾಳೆ. ಹೆಣ್ಣಿನ ಕಡೆಯವರು ಪದದಲ್ಲೇ ಉತ್ತರ ಕೊಟ್ಟ ಮೇಲೆ ಬಾಗಿಲು ಬಿಡುವುದು, ಅಲ್ಲಿಯವರೆಗೆ ಅವಳು ಕದಲುವಂತಿಲ್ಲ. ಕೇಳುವ ಪದ ಎಲ್ಲರಿಗೂ ಗೊತ್ತಿರುವುದೇ. ಉತ್ತರ ಮಾತ್ರ ಒಂದೊಂದು ತೌರಿನದು ಒಂದೊಂದು. ಹದಿನೇಳು ವರ್ಷದ ಹಿಂದೆ ಹದಿನಾಲ್ಕರ ಪದ್ಮಶ್ರೀ ಎರಡೂ ಕೈ ಚಾಚಿ ಬಾಗಿಲು ತಡೆದಿದ್ದಳು. ಭಾಗ್ಯಳ ಪರವಾಗಿ ಉತ್ತರ ಹೇಳಬೇಕಾಗಿದ್ದ ಅವಳ ದೊಡ್ಡಮ್ಮ ಅದೇ ಹೊತ್ತಿಗೆ ಊಟದ ಪಂಕ್ತಿಯಲ್ಲಿ ಕೂತುಬಿಟ್ಟಿದ್ದರು. ಕರೆಯಲು ಹೋದವರೂ ಅಲ್ಲೇ ಕೂತರು. ಬಿಸಿಲಲ್ಲಿ ಎಲ್ಲರೂ ನಿಂತು ಸಾಕಾದಾಗ, ಬಾಯಿ ಬಿಡಬಾರದ ಹೊಸ ಹೆಣ್ಣು ತಾನೇ ಬಾಯಿ ಬಿಟ್ಟು ತೌರಿನ ಪದ ಹೇಳಿದ್ದಳು. ಅಂದಿನಿಂದ ಅವಳಿಗೆ ಆ ಊರಿನಲ್ಲಿ ಬಾಯಿರುವ ಸೊಸೆ ಎಂದು ಹೆಸರು. ಅವಳು ಆ ಮನೆಯಲ್ಲಿ ಗಳಿಸಿದ ಮೊದಲ ಹೆಸರೂ ಅದೇ.

“ಅದು ಪದ ಕಣತ್ತೆ. ಪತ್ರ ಅಲ್ಲ,” ಎಂದು ಭಾಗ್ಯ ಎದ್ದಳು.

“ಪತ್ರ ಸುಟ್ಟಾಕ್ಬೌದು. ಆಡಿದ್ ಮಾತ್ನ ಏನ್ ಮಾಡ್ತೀಯೆ?”

ಶಿವಶಂಕರ್ ಅರ್ಜಿಯನ್ನು ತೆಗೆದುಕೊಂಡು ದೇವರ ಫೋಟೋದ ಹಿಂದೆ ಸಿಕ್ಕಿಸಿದ. “ಭಾಗ್ಯ ಸೈನ್ ಆಕಿದ್ರೆ ನಾನೂ ಆಕ್ತೀನಿ. ಅವಳ್ ಬ್ಯಾಡ ಅಂದ್ರೆ ನಂದೂ ಬ್ಯಾಡ,” ಎಂದು ಕೈ ತೊಳೆಯಲು ಹೋದ. ಇದನ್ನು ಅವನು ಹೆಂಡತಿಯ ಮೇಲಿನ ಗೌರವದಿಂದ ಹೇಳಿದನೋ, ತಪ್ಪಿಸಿಕೊಳ್ಳಲು ಹೇಳಿದನೋ, ಅವನಿಗೇ ಗೊತ್ತಿರಲಿಲ್ಲ.

ಆ ಜಗಳದ ಎರಡು ದಿನಕ್ಕೆ ಪದ್ಮಶ್ರೀ ಸಸಿಯ ಟ್ರೇಗಳ ಹತ್ತಿರ ಬಂದು ನಿಂತಳು. ಭಾಗ್ಯ, ಮರಮ್ಮ ಇಬ್ಬರೂ ನಾಟಿಗೆ ಸಸಿ ಬಿಡಿಸುತ್ತಿದ್ದರು.

“ಅತ್ತಿಗೆ, ಒಂದ್ ಕೇಳ್ಲಾ? ಕಚೇರಿ ಕೊನೇಲಿ ನಮ್ ಕಡೆ ಪದ ಒಂದು ಹಾಡ್ಬೇಕು ಅಂತಿದ್ದೀನಿ. ಬಾಗಿಲು ತಡೆಯೋ ಪದ. ನನ್ ಭಾಗ ಅಲ್ಲಲ್ಲಿ ಮರ್ತೋಗಿದೆ. ಅವ್ವನ ಕೈಲಿ ಈಗ ಹೇಳೋಕಾಗಲ್ಲ. ನೀವ್ ಹೇಳ್ಕೊಡಿ.”

ಭಾಗ್ಯಳ ಕೈ ನಿಂತಿತು. ಕೋಣೆ, ಬಿಸಿನೀರು, ಮಗಳು, ಈಗ ಪದ. ಆದರೂ ಬೇಡ ಎನ್ನಲು ಬಾಯಿ ಬರಲಿಲ್ಲ. ಇಷ್ಟು ವರ್ಷದಲ್ಲಿ ಆ ಮನೆಯವರೊಬ್ಬರು ಹಾಡಿನ ವಿಷಯಕ್ಕೆ ಅವಳ ಮುಂದೆ ನಿಂತು ಕೇಳಿದ್ದು ಅದೇ ಮೊದಲು. ಅವಳು ಸಸಿ ಕೆಳಗಿಟ್ಟು ಹೇಳಿಕೊಟ್ಟಳು.

ಹೊಸ್ತಿಲ ಮ್ಯಾಲೆ ಕಾಲಿಡಬ್ಯಾಡ ಅತ್ತಿಗೆ
ನನ್ನ ಅಣ್ಣನ ಮನೆಯಿದು
ಏನು ತಂದೀಯೆ ಏನು ಕೊಟ್ಟೀಯೆ
ಹೇಳದೆ ಬಾಗಿಲು ಬಿಡೆನು

ಪದ್ಮಶ್ರೀ ಎರಡೇ ಸಲಕ್ಕೆ ಹಿಡಿದಳು. ಮೂರನೇ ಸಲ ಅವಳು ಹಾಡಿದಾಗ ಮರಮ್ಮ ಸಸಿ ಬಿಡಿಸುವುದನ್ನು ಮರೆತಳು. ಭಾಗ್ಯ ಅದನ್ನು ನೋಡಿದಳು.

“ಇದಕ್ಕೆ ಉತ್ತರ ಅತ್ತಿಗೆ? ನೀವವತ್ತು ಹೇಳಿದ್ರಲ್ಲ.”

“ಮರ್ತೋಗದೆ,” ಎಂದಳು ಭಾಗ್ಯ.

“ಒಂದ್ ಸಾಲೂ ನೆನಪಿಲ್ವಾ?”

“ಹದಿನೇಳು ವರ್ಸ ಆಯ್ತಲ್ಲ ಕಣವ್ವ. ನೀರ್ ಕಾಯಿಸಿ ಕಾಯಿಸಿ ಎಲ್ಲಾ ಆವಿ ಆಗೋಯ್ತು.”

ಪದ್ಮಶ್ರೀ ಸ್ವಲ್ಪ ಹೊತ್ತು ಅವಳ ಮುಖ ನೋಡಿ ಹೊರಟುಹೋದಳು. ಮರಮ್ಮ ಕಾದಿದ್ದು ಕೇಳಿದಳು.

“ಏನೇ ನೀನು? ಹೋದ್ ಸೋಮ್ವಾರ ಕೋಟೆ ಮದ್ವೇಲಿ ಹೆಣ್ಣಿನ್ ಕಡೆಯಿಂದ ಅದ್ನೇ ಹೇಳ್ದಲ್ಲ. ನಾನೇ ಸೊಲ್ಲಿಡ್ದೆ.”

“ನೀನ್ ಬಾಯ್ಮುಚ್ಕೊಂಡಿರು.”

“ಉತ್ರ ಇಲ್ದೆ ಬಾಗ್ಲು ತಡೆಯೋ ಪದ ಆಡ್ಬಾರ್ದು ಕಣೆ. ಕೇಳ್ದೋಳು ಬಾಗ್ಲಲ್ಲೇ ನಿಂತೋಯ್ತಾಳೆ.”

“ನಿಲ್ಲಲಿ. ನಾನೂ ನಿಂತಿಲ್ವಾ ಬಿಸ್ಲಲ್ಲಿ?”

ಭಾಗ್ಯಳ ಮನಸ್ಸಿನಲ್ಲಿದ್ದುದು ಇಷ್ಟೇ ಅಲ್ಲ. ಆ ಉತ್ತರದೊಳಗೆ ಮಗಳನ್ನು ಕೊಡುವ ಮಾತಿತ್ತು. ಒಂದು ಸಲ ಹುಡುಗುಬುದ್ಧಿಯಲ್ಲಿ ಆಡಿದ್ದಾಯಿತು. ಕೋಟೆಯ ಮದುವೆಯಲ್ಲಿ ಆಡಿದರೆ ಅದು ಕೋಟೆಯ ಹೆಣ್ಣಿನ ಮಾತು. ಪದ್ಮಶ್ರೀಯ ಎದುರಿಗೆ ಮತ್ತೊಮ್ಮೆ ಆಡಿದರೆ ಅದು ತನ್ನ ಮಾತಾಗುತ್ತದೆ, ಆಮೇಲೆ ಹಿಂದಕ್ಕೆ ಬರುವುದಿಲ್ಲ. ತಾನು ಬಾಯಿ ಬಿಡದಿದ್ದರೆ ಮಗಳು ತನ್ನ ಹತ್ತಿರವೇ ಉಳಿಯುತ್ತಾಳೆ. ಹೀಗೆಂದು ಅವಳು ನಿಜವಾಗಿಯೂ ನಂಬಿದ್ದಳು.

ಇಪ್ಪತ್ತೈದರ ಸಂಜೆ ಹುಣಸೂರಿನ ಕಲ್ಯಾಣ ಮಂಟಪ ತುಂಬಿತ್ತು. ಕರೆಸಿದ್ದು ಊರಿನ ಹೆಂಗಸರೇ ಕೂಡಿ ಮಾಡಿಕೊಂಡ ಒಂದು ಸಂಘ. ಹಾಗಾಗಿ ಮುಂದಿನ ಸಾಲುಗಳಲ್ಲಿ ರೇಷ್ಮೆ ಸೀರೆ, ಹಿಂದೆ ಹಳ್ಳಿಗಳಿಂದ ಟೆಂಪೊ ಮಾಡಿಕೊಂಡು ಬಂದ ಹೆಂಗಸರು. ಭಾಗ್ಯ ಮೂರನೇ ಸಾಲಿನಲ್ಲಿ ಅತ್ತೆ ಮತ್ತು ಮರಮ್ಮನ ನಡುವೆ ಕೂತಿದ್ದಳು. ಅವಳ ತೊಡೆಯ ಮೇಲೆ ಬಿಸಿನೀರಿನ ಫ್ಲಾಸ್ಕು. ಸ್ಪಂದನಾ ವೇದಿಕೆಯ ಮೇಲೇ, ಪದ್ಮಶ್ರೀಯ ಹಿಂದೆ ತಂಬೂರಿ ಹಿಡಿದು ಕೂತಿದ್ದಳು. ಅವಳು ಉಟ್ಟಿದ್ದ ಸೀರೆ ಪದ್ಮಶ್ರೀಯದು. ಭಾಗ್ಯ ತನ್ನ ಮದುವೆಯ ಸೀರೆಯನ್ನು ಗಂಜಿ ಹಾಕಿ ಇಸ್ತ್ರಿ ಮಾಡಿಟ್ಟಿದ್ದಳು. ಅದನ್ನು ಯಾರೂ ಕೇಳಿರಲಿಲ್ಲ.

ಭಾಷಣದವರು ಮುಗಿಸಿದರು. ನಮ್ಮೂರ ಮಗಳು, ನಮ್ಮ ಹೆಮ್ಮೆ ಎಂದು ನಾಲ್ಕು ಜನ ಹೇಳಿದರು. ಶಾಲು ಬಂತು, ಹಣ್ಣಿನ ಬುಟ್ಟಿ ಬಂತು. ಪ್ರತಿ ಚಪ್ಪಾಳೆಗೂ ಸುನಂದಮ್ಮ ಸೊಸೆಯ ಮೊಣಕೈಯನ್ನು ಹಿಂಡುತ್ತಿದ್ದರು. ಆಮೇಲೆ ಪದ್ಮಶ್ರೀ ಹಾಡಿದಳು.

ಭಾಗ್ಯ ಅವಳ ಕಚೇರಿಯನ್ನು ಅದುವರೆಗೆ ಕೂತು ಕೇಳಿರಲಿಲ್ಲ. ಕೇಳಿದರೆ ತಪ್ಪು ಹುಡುಕಬಹುದು ಎಂದುಕೊಂಡೇ ಬಂದಿದ್ದಳು. ಒಂದು ಗಂಟೆ ಹುಡುಕಿದಳು. ದನಿ ಎಲ್ಲಿಯೂ ಜಾರಲಿಲ್ಲ, ಎಲ್ಲಿಯೂ ಕೂಗಾಡಲಿಲ್ಲ. ರಾಗದ ಹೆಸರು ಗೊತ್ತಿಲ್ಲದಿದ್ದರೂ ಯಾವುದು ಕಷ್ಟ, ಯಾವುದು ಸುಲಭ ಎಂದು ಹಾಡುವವಳಿಗೆ ಗೊತ್ತಾಗುತ್ತದೆ. ಒಂದು ಕಡೆ ಪದ್ಮಶ್ರೀ ಬಹಳ ಮೇಲೆ ಹೋಗಿ ಅಲ್ಲಿ ನಿಂತಳು. ಭಾಗ್ಯ ತನಗೆ ತಿಳಿಯದೆಯೇ ತನ್ನ ಉಸಿರನ್ನೂ ಹಿಡಿದಿದ್ದಳು. ನಾದಿನಿ ಸುಳ್ಳಿಗೆ ದೊಡ್ಡವಳಾಗಿದ್ದರೆ ಸಹಿಸಬಹುದಿತ್ತು, ನಿಜಕ್ಕೂ ದೊಡ್ಡವಳಾಗಿದ್ದಳು.

ಕೊನೆಗೆ ಪದ್ಮಶ್ರೀ ನೀರು ಕುಡಿದು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು.

“ಇದು ಬಾಗಿಲು ತಡೆಯೋ ಪದ. ನಿಮಗೆಲ್ಲ ಗೊತ್ತು. ಇದನ್ನ ನನಗೆ ಹೇಳಿಕೊಟ್ಟೋರು ನನ್ನ ಅತ್ತಿಗೆ ಭಾಗ್ಯ. ಮೂರನೇ ಸಾಲಲ್ಲಿ ಕೂತಿದ್ದಾರೆ. ನಾನು ಹದಿನೈದು ವರ್ಷ ಕಲಿತು ಹಾಡ್ತೀನಿ. ಅವರು ಕಲೀದೇನೇ ಹಾಡ್ತಾರೆ.”

ಜನ ತಿರುಗಿ ನೋಡಿದರು. ಭಾಗ್ಯ ಫ್ಲಾಸ್ಕನ್ನು ಸೆರಗಿನಿಂದ ಮುಚ್ಚಿದಳು. ಇದಕ್ಕಿಂತ ಒಂದು ಬೈಗುಳ ಬೈದಿದ್ದರೆ ಒಳ್ಳೆಯದಿತ್ತು ಎನಿಸಿತು.

ಪದ್ಮಶ್ರೀ ಪದ ಎತ್ತಿದಳು. ಪಿಟೀಲು ಮೃದಂಗ ಎರಡೂ ಸುಮ್ಮನಾದವು. ಹೇಳದೆ ಬಾಗಿಲು ಬಿಡೆನು ಎಂದು ಮುಗಿಸಿ, ಅವಳು ಎರಡೂ ಕೈಗಳನ್ನು ಪಕ್ಕಕ್ಕೆ ಚಾಚಿ ಹಾಗೇ ಕೂತಳು, ಹದಿನಾಲ್ಕರ ಹುಡುಗಿ ಅಂದು ನಿಂತಿದ್ದ ಹಾಗೆ. ಹಾಡು ಮುಂದಕ್ಕೆ ಹೋಗಲಿಲ್ಲ. ಮುಂದಿನ ಸಾಲಿನ ರೇಷ್ಮೆ ಸೀರೆಯವರು ಮುಗಿಯಿತೆಂದು ಚಪ್ಪಾಳೆ ತಟ್ಟಿ, ಯಾರೂ ಜೊತೆಗೆ ತಟ್ಟದ್ದು ನೋಡಿ ನಿಲ್ಲಿಸಿದರು. ಹಿಂದಿದ್ದ ಹಳ್ಳಿಯ ಹೆಂಗಸರಿಗೆ ಮಾತ್ರ ಗೊತ್ತಿತ್ತು, ಉತ್ತರ ಬಂದಿಲ್ಲ.

“ಉತ್ರ ಕೊಡ್ರವ್ವ ಯಾರಾದ್ರೂ,” ಎಂದು ಒಬ್ಬಳು ಹಿಂದಿನಿಂದ ಕೂಗಿದಳು. “ಹೆಣ್ಣಿನ್ ಕಡೇರು ಯಾರೂ ಇಲ್ವಾ?” ಎಂದಳು ಇನ್ನೊಬ್ಬಳು. ನಗು ಎದ್ದಿತು.

“ಏಳೇ,” ಎಂದು ಮರಮ್ಮ ಪಕ್ಕೆಗೆ ತಿವಿದಳು.

ಸುನಂದಮ್ಮ ಸೊಸೆಯ ಮೊಣಕೈ ಹಿಡಿದಿದ್ದ ಕೈಯನ್ನು ತೆಗೆದು ತಮ್ಮ ಮಡಿಲಲ್ಲಿ ಇಟ್ಟುಕೊಂಡರು.

ಭಾಗ್ಯ ಹಲ್ಲು ಕಚ್ಚಿ ಕೂತಳು. ಎದ್ದು ನಾಲ್ಕು ಸಾಲು ಹೇಳಿದ್ದರೆ ಇಡೀ ಮಂಟಪ ಅವಳದಾಗುತ್ತಿತ್ತು, ಅದು ಅವಳಿಗೂ ಗೊತ್ತಿತ್ತು. ಇಷ್ಟು ವರ್ಷ ಅವಳು ಕಾದಿದ್ದ ಮೈಕು, ದೀಪ, ಜನ ಎಲ್ಲವೂ ಎದುರಿಗೇ ಇದ್ದವು. ಆದರೆ ಅದರ ಬೆಲೆ ಆ ಪದದ ಮೂರನೇ ಸಾಲಿನಲ್ಲಿತ್ತು, ಮಗಳನ್ನು ಕೊಡುವ ಸಾಲಿನಲ್ಲಿ. ಅವಳು ಬಾಯಿ ತೆರೆಯಲಿಲ್ಲ. ವೇದಿಕೆಯ ಮೇಲೆ ಪದ್ಮಶ್ರೀ ಚಾಚಿದ ಕೈಗಳನ್ನು ಇಳಿಸಲಿಲ್ಲ.

ಆಗ ತಂಬೂರಿಯ ಪಕ್ಕದಿಂದ ದನಿ ಬಂತು.

ಹೊನ್ನ ತರಲಿಲ್ಲ ಹೊಲವ ತರಲಿಲ್ಲ
ತೌರಿಂದ ತಂದದ್ದು ಕೊರಳೊಂದೆ
ಹೆಣ್ಣು ಹುಟ್ಟಿದರೆ ನಿನ್ನ ಕೈಗೆ ಕೊಡುವೆನು
ಬಾಗಿಲು ಬಿಡೆ ನಾದಿನಿ

ಮೈಕು ದೂರದಲ್ಲಿತ್ತು. ಆದರೂ ಕೊನೆಯ ಸಾಲಿನವರೆಗೆ ಕೇಳಿತು. ಅದು ಮೂರು ವಾರ ಕಲಿತ ಸಂಗೀತದ ದನಿಯಲ್ಲ. ತೆರೆದ ಬಯಲಿನಲ್ಲಿ, ಮದುವೆ ಮನೆಯ ಗದ್ದಲದ ಮೇಲೆ, ಹೊಗೆಸೊಪ್ಪಿನ ಸಾಲುಗಳ ಆಚೆಗೆ ಕೇಳಬೇಕೆಂದು ಎತ್ತುವ ದನಿ. ಕೊರಳೊಂದೆ ಎನ್ನುವಲ್ಲಿ ಸ್ವಲ್ಪ ಎಳೆದು, ಎಳೆದದ್ದನ್ನು ಥಟ್ಟನೆ ಕತ್ತರಿಸುವ ರೀತಿ ಆ ಸೀಮೆಯಲ್ಲಿ ಒಬ್ಬಳಿಗೇ ಇತ್ತು.

“ನಿನ್ ದನಿ ಕಣೆ ಅದು,” ಎಂದಳು ಮರಮ್ಮ.

ತೊಡೆಯ ಮೇಲೆ ನಿದ್ದೆ ಹೋಗುತ್ತಿದ್ದ ಹುಡುಗಿ ನಿದ್ದೆ ಹೋಗಿರಲಿಲ್ಲ. ಹಿಂದಿನ ಸಾಲಿನ ಹೆಂಗಸರು ಹೋ ಎಂದು ಎದ್ದು ನಿಂತರು. ಪದ್ಮಶ್ರೀ ಕೈಗಳನ್ನು ಇಳಿಸಿ, ಪಕ್ಕಕ್ಕೆ ಸರಿದು, ಹುಡುಗಿಗೆ ದಾರಿ ಬಿಟ್ಟಳು. ಸ್ಪಂದನಾ ಮುಂದೆ ಬರಲಿಲ್ಲ. ತಂಬೂರಿಯನ್ನು ತಬ್ಬಿಕೊಂಡು ಮೂರನೇ ಸಾಲಿನ ಕಡೆಗೆ ನೋಡುತ್ತಿದ್ದಳು, ಹೊಡೆಸಿಕೊಳ್ಳಲು ತಯಾರಾದವಳ ಹಾಗೆ. ಭಾಗ್ಯ ಫ್ಲಾಸ್ಕಿನ ಮುಚ್ಚಳ ತೆಗೆದು, ಯಾರಿಗೂ ಕೊಡದೆ, ತಾನೇ ಒಂದು ಲೋಟ ಬಿಸಿನೀರು ಕುಡಿದಳು.

ಸೋಮವಾರ ಬೆಳಿಗ್ಗೆ ಎಂಟರ ಬಸ್ಸಿಗೆ ಪದ್ಮಶ್ರೀ ಹೊರಡುವವಳಿದ್ದಳು. ಚೀಲ ಕಟ್ಟಿ ಪಡಸಾಲೆಯಲ್ಲಿ ಇಟ್ಟಿದ್ದಳು. ಅರ್ಜಿ ದೇವರ ಫೋಟೋದ ಹಿಂದೆ ಹಾಗೇ ಇತ್ತು, ಶಿವಶಂಕರ್ ಅದರ ಕಡೆ ನೋಡದೆ ಎರಡು ಸಲ ಅದರ ಮುಂದೆ ಓಡಾಡಿದ. ಭಾಗ್ಯ ರೊಟ್ಟಿ ಬೇಯಿಸುತ್ತಿದ್ದಳು. ಸ್ಪಂದನಾ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು.

“ಅವ್ವ, ಬಯ್ಯೋದಿದ್ರೆ ಬಯ್ದ್ಬಿಡು.”

“ಯಾವಾಗ ಕಲ್ತೆ?”

“ಯಾವಾಗ್ಲೂ ಕೇಳ್ತಿದ್ನಲ್ಲ. ಕಣ್ಮುಚ್ಚಿದ್ರೆ ನಿದ್ದೆ ಬಂದಂಗಾ?”

“ಮತ್ತೆ ನಂತಾವ ಯಾಕ್ ಕೇಳ್ನಿಲ್ಲ ಯಾವತ್ತೂ?”

ಸ್ಪಂದನಾ ಬಾಗಿಲ ಚಿಲಕ ಎಳೆದಾಡಿದಳು. “ನೀನ್ ಹೇಳ್ಕೊಡ್ತಿದ್ಯಾ?”

ಭಾಗ್ಯ ಮರಮ್ಮನಿಗೂ ತನ್ನ ಪದಗಳನ್ನು ಪೂರ್ತಿ ಬಿಟ್ಟುಕೊಟ್ಟವಳಲ್ಲ. ಹೆಂಚಿನ ಮೇಲಿನ ರೊಟ್ಟಿ ಸೀಯಿತು. ಅದನ್ನು ತೆಗೆದು ಪಕ್ಕಕ್ಕೆ ಹಾಕಿ, ಕೈ ಒರೆಸಿಕೊಂಡು, ಪಡಸಾಲೆಗೆ ಹೋಗಿ ಅರ್ಜಿ ಎಳೆದಳು. ಪೆನ್ನು ಕೇಳಿದಳು. ಗಂಡ ಜೇಬಿನಿಂದ ಪೆನ್ನು ತೆಗೆದ ವೇಗಕ್ಕೆ ಸುನಂದಮ್ಮನಿಗೂ ನಗು ಬಂತು. ಭಾಗ್ಯ ತನ್ನ ಹೆಸರನ್ನು ಪೂರ್ತಿ, ದುಂಡಗೆ ಬರೆದಳು. ಯಾರ ಮುಖವನ್ನೂ ನೋಡದೆ ಅಡುಗೆಮನೆಗೆ ವಾಪಸು ಬಂದು, ಮಗಳನ್ನು ಒಳಗೆ ಎಳೆದುಕೊಂಡು ಬಾಗಿಲು ಮುಚ್ಚಿದಳು.

“ನೆನ್ನೆ ತಪ್ಪೇಳ್ದೆ,” ಎಂದಳು.

“ಎಲ್ಲಿ?”

“ನಿನ್ನ ಕೈಗೆ ಅಂದ್ಬುಟ್ಟು ಉಸ್ರು ಬುಟ್ಟೆ. ಅಲ್ಲಿ ಬುಡ್ಬಾರ್ದು. ಕೊಡುವೆನು ಅನ್ನೋಗಂಟ ಒಂದೇ ಉಸ್ರಲ್ಲಿ ಓಗ್ಬೇಕು. ನಡುವೆ ಬುಟ್ರೆ ಆಮ್ಯಾಕೆ ಆ ಮಾತು ಬಾಯಿಂದ ಬರಾಕಿಲ್ಲ. ಹೇಳು.”

ಸ್ಪಂದನಾ ಹೇಳಿದಳು. ಮತ್ತೆ ಉಸಿರು ಮುರಿಯಿತು. ಭಾಗ್ಯ ಮಗಳ ಹೊಟ್ಟೆಯ ಮೇಲೆ ಹಿಟ್ಟಿನ ಕೈ ಇಟ್ಟು, ತಾನೇ ಆ ಸಾಲನ್ನು ಹೇಳಿ ತೋರಿಸಿದಳು. ಹೆಣ್ಣು ಹುಟ್ಟಿದರೆ ನಿನ್ನ ಕೈಗೆ ಕೊಡುವೆನು. ಹೇಳಿ ಮುಗಿಸುವಾಗ ಅವಳ ಕಣ್ಣು ತುಂಬಿತ್ತು, ಆದರೆ ಉಸಿರು ಮುರಿಯಲಿಲ್ಲ. ಮೂರನೆಯ ಸಲಕ್ಕೆ ಮಗಳೂ ಒಂದೇ ಉಸಿರಿನಲ್ಲಿ ದಾಟಿದಳು.

“ಇದ್ನ ಪದ್ಮತ್ತೆಗೂ ಹೇಳ್ಕೊಡ್ಲಾ?”

“ಬ್ಯಾಡ,” ಎಂದಳು ಭಾಗ್ಯ, ಯೋಚಿಸದೆಯೇ.

ಹೊರಗಿನಿಂದ ಬಾಗಿಲು ತಳ್ಳಿದ ಸದ್ದಾಯಿತು. “ಅತ್ತಿಗೆ, ಬಸ್ಸಿಗೆ ಹೊತ್ತಾಯ್ತು. ಒಳಗೆ ಬರ್ಲಾ?” ಪದ್ಮಶ್ರೀಯ ದನಿ. ಅವಳು ಎಷ್ಟು ಹೊತ್ತಿನಿಂದ ಅಲ್ಲಿ ನಿಂತು ಕೇಳುತ್ತಿದ್ದಳೋ.

ಭಾಗ್ಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

“ಏನ್ ಕೊಟ್ಟೀಯೆ?” ಎಂದಳು.

ಪಡಸಾಲೆಯಲ್ಲಿ ಸುನಂದಮ್ಮನ ಕೆಮ್ಮು ನಿಂತಿತು.

“ತಿಂಗಳಿಗೊಂದು ಭಾನುವಾರ ಮನೇಗ್ ಕಳಿಸ್ತೀನಿ ಅತ್ತಿಗೆ.”

ಭಾಗ್ಯ ಕದಲಲಿಲ್ಲ.

“ಎರಡು ಭಾನುವಾರ.”

“ನಂಗೇನ್ ಕಿವಿ ಕೇಳಾಕಿಲ್ವಾ? ಪದ ಎಲ್ಲಿ? ಪದ್ದಲ್ಲಿ ಹೇಳು.”

ಪದ್ಮಶ್ರೀ ಗಂಟಲು ಸರಿಮಾಡಿಕೊಂಡಳು. ವೇದಿಕೆಯ ದನಿ ಬಿಟ್ಟು, ಚಿಕ್ಕಂದಿನ ದನಿಯಲ್ಲಿ, ಅಲ್ಲೇ ಕಟ್ಟಿಕೊಂಡು, ತಾಳ ತಪ್ಪುತ್ತಾ ಹೇಳಿದಳು: ಎಲ್ಲಾ ಭಾನುವಾರ ನಿನ್ನ ಮಗಳ ಕಳಿಸುವೆನು, ಬಾಗಿಲು ಬಿಡೆ ಅತ್ತಿಗೆ.

ಸಾಲು ಸರಿಯಾಗಿ ಕೂತಿರಲಿಲ್ಲ. ಭಾಗ್ಯ ಅದನ್ನು ಗಮನಿಸಿದಳು, ಒಳಗೊಳಗೇ ಹಿಗ್ಗಿದಳು. ಆಮೇಲೆ ಬಾಗಿಲು ಬಿಟ್ಟಳು.